ಸಿಟಿಸಿ ಸಾಹೇಬರಿಗೊಂದು ಬಹಿರಂಗ ಪತ್ರ

ಬ್ರೂಸ್‌ಪೇಟೆ, ಬಳ್ಳಾರಿ

ಮಾನ್ಯ ಸಿಟಿಸಿ ಸಾಹೇಬರೇ,

ನಮ್ಮ ತಂಗಿ ಮಗನಿಗೆ ಬೆಂಗಳೂರಿನ ಕಂಪನಿಯೊಂದು ಕಳಿಸಿದ ಆಫರ್ ಲೆಟರಿನಲ್ಲಿ ತಾವು, ಅಂದರೆ ‘ಕಾಸ್ಟ್ ಟು ಕಂಪನಿ’, ದಪ್ಪಕ್ಷರದಲ್ಲಿ ದಯಮಾಡಿಸಿದ್ದಿರಿ: ವರ್ಷಕ್ಕೆ 3,60,000 ರೂಪಾಯಿ. ಸಂಜೆಯೊಳಗೆ ಬೆಂಗಳೂರು ರಸ್ತೆಯ ಅಂಗಡಿಗಳವರೆಗೂ ‘ತಿಂಗಳಿಗೆ ಮೂವತ್ತು ಸಾವಿರವಂತೆ’ ಎಂದು ಸುದ್ದಿ ಹೋಯಿತು. ತಂಗಿ ಓಣಿಗೆಲ್ಲ ಪೇಡೆ ಹಂಚಿದಳು. ಭಾವ ಮಾತ್ರ ಕಾಗದ ನನ್ನ ಮುಂದಿಟ್ಟು, “ಅದೆಲ್ಲಾ ಖರೆ, ಕೈಗೆ ಎಷ್ಟು ಬರ್ತೈತಿ ನೋಡಪ್ಪಾ” ಎಂದರು.

ನಾನು ಒಂದೆರಡು ಅಂಗಡಿಗಳ ಲೆಕ್ಕ ಬರೆಯುವವನು. ಮೊದಲ ಪುಟ ಬಿಟ್ಟು ಕೊನೆಯ ಪುಟದ ಅನುಬಂಧಕ್ಕೆ ಹೋದೆ. ತಮ್ಮ ಪಟ್ಟಾಭಿಷೇಕ ಮೊದಲ ಪುಟದಲ್ಲಿ ನಡೆದರೆ, ಪೋಸ್ಟ್‌ಮಾರ್ಟಂ ನಡೆಯುವುದು ಅಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ.

ಮೂವತ್ತು ಸಾವಿರದಲ್ಲಿ ಎರಡು ಸಾವಿರ ‘ವೇರಿಯಬಲ್’. ಕಂಪನಿ ಚೆನ್ನಾಗಿ ನಡೆದು, ಹುಡುಗನೂ ಚೆನ್ನಾಗಿ ದುಡಿದು, ಅದು ಮೇಲಿನವರ ಕಣ್ಣಿಗೂ ಬಿದ್ದರೆ ವರ್ಷದ ಕೊನೆಗೆ ಸಿಗಬಹುದಾದ ಹಣ ಅದು. ಬೇಸಿಕ್ 15,000, ಅದರ ಶೇ. 12ರಂತೆ ಕಂಪನಿ ಕಟ್ಟಬೇಕಾದ ಪಿಎಫ್ 1,800. ಇದು ಕಂಪನಿಯ ಪಾಲು ಎಂದುಕೊಂಡಿದ್ದೆ. ಅಲ್ಲವಂತೆ, ಅದನ್ನೂ ಹುಡುಗನ ಸಂಬಳದೊಳಗೇ ಎಣಿಸಿದ್ದೀರಿ. ಆ 1,800ರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ. ಅದರ ಪೂರ್ತಿ ಫಲ ಕಾಣಲು ಹುಡುಗ 58 ತುಂಬುವವರೆಗೆ ಕಾಯಬೇಕು, ಈಗ ಅವನಿಗೆ 22. ಗ್ರ್ಯಾಚುಟಿ 722. ಕಾಯಂ ನೌಕರ ಐದು ವರ್ಷ ಪೂರೈಸಿದರೆ ಕೊಡುವ ಹಣವನ್ನು ಮೊದಲ ತಿಂಗಳಿನಿಂದಲೇ ಕೊಟ್ಟಂತೆ ಬರೆಯುವ ಧೈರ್ಯಕ್ಕೆ ಮೆಚ್ಚಿದೆ. ಎರಡು ವರ್ಷಕ್ಕೇ ಹುಡುಗ ಬೇರೆ ಕಂಪನಿಗೆ ಹಾರುತ್ತಾನೆಂದು ತಮಗೂ ಗೊತ್ತು, ನಮಗೂ ಗೊತ್ತು.

ಇಷ್ಟೆಲ್ಲ ಹೋದ ಮೇಲೆ ಉಳಿದ 25,478ಕ್ಕೆ ‘ಗ್ರಾಸ್’ ಎಂದು ಹೆಸರು. ಅದರಲ್ಲಿ ಹುಡುಗನ ಪಾಲಿನ ಪಿಎಫ್ ಇನ್ನೊಂದು 1,800. ವೃತ್ತಿ ತೆರಿಗೆ 200. ಕೈಗೆ ಬರುವುದು 23,478. ಭಾವ ಎರಡು ಸಲ ಕೂಡಿಸಿ ನೋಡಿದರು. ಆಮೇಲೆ ಪೇಡೆ ಡಬ್ಬಿಯ ಮುಚ್ಚಳ ಹಾಕಿದರು.

ಭಾವ ಮೊದಲು ಬೈದಿದ್ದು ದಿಲ್ಲಿಯವರನ್ನು. ಪಾಪ, ಅವರದೇನೂ ತಪ್ಪಿರಲಿಲ್ಲ. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ. ಸಂಬಳದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12,75,000. ಅದರಾಚೆಗೆ ನಿಜವಾದ ಬಿಸಿ. 15 ಲಕ್ಷ ಸಂಬಳದವರಿಗೆ ಸೆಸ್ ಸೇರಿ 97,500, ಅಂದರೆ ತಿಂಗಳಿಗೆ 8,125. ನಮ್ಮ ಓಣಿಯಲ್ಲಿ ಆ ಬಿಸಿ ತಾಗುವವರು ಕಡಿಮೆ. ಆದರೂ ತೆರಿಗೆ ಎಂದೊಡನೆ ದಿಲ್ಲಿಯನ್ನು ಬೈಯುವ ರೂಢಿ ನಮಗೆ, ತಾವು ಆ ಗದ್ದಲದಲ್ಲಿ ಹಿಂಬಾಗಿಲಿನಿಂದ ಜಾರುತ್ತೀರಿ.

ಬೆಂಗಳೂರು ಸರ್ಕಾರದ ವೃತ್ತಿ ತೆರಿಗೆಯ ಬಗ್ಗೆ ಎರಡು ಮಾತು, ಅದು ಪುಟ್ಟದಾದರೂ ರಸವತ್ತಾಗಿದೆ. 2023ರಿಂದ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳ ಇದ್ದವರು ಕೊಡಬೇಕಿಲ್ಲ. 24,999 ಪಡೆಯುವವನು ಏನೂ ಕೊಡುವುದಿಲ್ಲ. ಮಾಲೀಕರು ಖುಷಿಯಾಗಿ ಅವನಿಗೆ ಒಂದು ರೂಪಾಯಿ ಇನ್‌ಕ್ರಿಮೆಂಟ್ ಕೊಟ್ಟರೆ 200 ಹೋಗಿ ಕೈಗೆ 24,800! ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500ರ ಗೆರೆ ಎಳೆದಿದೆ; 1988ರ ತಿದ್ದುಪಡಿಗೆ ಮುಂಚೆ ಅದು 250 ಇತ್ತು. ತಿಂಗಳಿಗೆ 200ರಂತೆ 2,400 ಆಗುತ್ತದಲ್ಲ, ಗೆರೆಯ ಕೆಳಗೆ ನೂರು ರೂಪಾಯಿ ಅನಾಥವಾಗಿ ಬಿದ್ದಿತ್ತು. 2025ರಲ್ಲಿ ಯಾರಿಗೋ ಅದು ಕಂಡಿತು. ಈಗ ಫೆಬ್ರವರಿಯಲ್ಲಿ 300. ದಿನ ಕಡಿಮೆ ಇರುವ ತಿಂಗಳಿಗೇ ತೆರಿಗೆ ಹೆಚ್ಚು.

ಕಸುಬಿನ ಮೇಲೆ ತೆರಿಗೆ ಬಳ್ಳಾರಿಗೆ ಹೊಸದಲ್ಲ ಬಿಡಿ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟು ಥಾಮಸ್ ಮನ್ರೋ ಕಲೆಕ್ಟರಾಗಿ ಬಂದಾಗ (ಅದು ಬೇರೆ ಕಂಪನಿ, ಸ್ವಭಾವ ಅಷ್ಟೇನೂ ಬೇರೆಯಲ್ಲ), ನೇಕಾರ, ಅಂಗಡಿಕಾರರಿಂದ ಮೊಹತರ್ಫಾ ಎತ್ತುವ ಕಾಲ. ಕ್ರೂರ ತೆರಿಗೆಯೇ. ಆದರೂ ಮನೆಯಲ್ಲಿದ್ದ ಮಗ್ಗವನ್ನು ಎಣಿಸುತ್ತಿದ್ದರು. ‘ನಿನಗೆ ಇನ್ನೂ ಮೂರು ಮಗ್ಗ ಇವೆ, ಐದು ವರ್ಷ ಬಿಟ್ಟು ಕಾಣುತ್ತವೆ’ ಎಂದು ಯಾರೂ ಬರೆದುಕೊಡುತ್ತಿರಲಿಲ್ಲ.

ಇಲ್ಲಿ ಜೀನ್ಸ್ ಹೊಲಿಯುವವರಿಗೆ ತಾವು ಯಾರೆಂದೇ ಗೊತ್ತಿಲ್ಲ. ಅವರದು ಪೀಸಿನ ಲೆಕ್ಕ: ಇಷ್ಟು ಪ್ಯಾಂಟು, ಪ್ಯಾಂಟಿಗಿಷ್ಟು, ವಾರದ ಬಟವಾಡೆ. ಕೈಗೆ ಬಂದದ್ದೇ ಸಂಬಳ. ಅದನ್ನು ಹೊಗಳಿ ನನ್ನ ಪತ್ರಕ್ಕೆ ಕಳೆ ತುಂಬಬಹುದಿತ್ತು, ಆದರೆ ಕಣ್ಣು ಮಂಜಾದ ಮೇಲೆ ಪೀಸೂ ಇಲ್ಲ, ಪಿಎಫೂ ಇಲ್ಲ ಎಂಬ ಟೈಲರುಗಳನ್ನು ಕಂಡಿದ್ದೇನೆ. ಹಾಗಾಗಿ ಪಿಎಫ್ ಕಟಾವಣೆಗೆ ನನ್ನ ತಕರಾರಿಲ್ಲ, ಎರಡು ಪಾಲೂ ಹುಡುಗನ ಹೆಸರಿಗೇ ಇರುತ್ತವೆ. ತಕರಾರು ಇರುವುದು ತಮ್ಮ ಮಾತಿನ ವರಸೆಯ ಮೇಲೆ. ನಮ್ಮ ಮೇಷ್ಟ್ರುಗಳು ಸಂಬಳದ ಮಾತು ಬಂದರೆ ಬೇಸಿಕ್ ಎಷ್ಟು, ಡಿಎ ಎಷ್ಟು, ಕೆಜಿಐಡಿ ವಿಮೆಗೆ ಎಷ್ಟು ಕಟಾವು ಎಂದು ಒಪ್ಪಿಸಿ ಕೊನೆಗೆ ಕೈಗೆ ಬರುವುದನ್ನು ಹೇಳುತ್ತಾರೆ. ಸರ್ಕಾರ ತನಗಾಗಿ ಕಟ್ಟುವ ಎನ್‌ಪಿಎಸ್ ಪಿಂಚಣಿಯ ಪಾಲನ್ನು ‘ನನ್ನ ಸಂಬಳ’ ಎಂದು ಹೇಳಿಕೊಂಡ ಮೇಷ್ಟ್ರನ್ನು ನಾನು ನೋಡಿಲ್ಲ.

ಆದ್ದರಿಂದ ಮೊದಲ ಪುಟದ ದಪ್ಪಕ್ಷರವನ್ನು ತಾವು ಖಾಲಿ ಮಾಡಿ, ಆ ಜಾಗದಲ್ಲಿ ಒಂದೇ ಸಾಲು ಬರೆಯಿಸಬೇಕು: ‘ತಿಂಗಳಿಗೆ ಖಾತೆಗೆ ಜಮಾ ಆಗುವುದು ರೂ. 23,478, ಫೆಬ್ರವರಿಯಲ್ಲಿ ರೂ. 23,378.’ ತಾವು ಅನುಬಂಧಕ್ಕೆ ಹೋಗಿ, ಇರುವೆ ಸಾಲಿನಲ್ಲಿ ಆರಾಮಾಗಿರಿ.

ಇಂತಿ ತಮ್ಮ ವಿಧೇಯ,
ಬ್ರೂಸ್‌ಪೇಟೆಯ ಒಬ್ಬ ಲೆಕ್ಕ ಬರೆಯುವವ

ತಾ.ಕ.: ಪತ್ರ ಓದಿದ ತಂಗಿ ಸಿಟ್ಟಾಗಿದ್ದಾಳೆ. ಹುಡುಗನ ಬಯೋಡಾಟಾ ಸಿರುಗುಪ್ಪದ ಒಂದು ಮನೆಗೂ ಕುರುಗೋಡಿನ ಎರಡು ಮನೆಗೂ ಹೋಗಿದೆಯಂತೆ, ಅದರಲ್ಲಿ ತಮ್ಮದೇ ಅಂಕಿ ಇದೆಯಂತೆ. ಕಾರಣ, ನನ್ನ ಬೇಡಿಕೆಯನ್ನು ಮದುವೆ ಮುಗಿಯುವವರೆಗೆ ತಡೆಹಿಡಿಯಬೇಕಾಗಿ ವಿನಂತಿ.