ಹೇರು ನೋಡಿ ಟ್ರ್ಯಾಕ್ಟರ್

ಕಬ್ಬಿನ ಹೇರು ನೋಡಿ ಟ್ರ್ಯಾಕ್ಟರ್ ತರಿಸುವ ನಿಪ್ಪಾಣಿ ಬಳಿಯ ಭೋಜದ ಸೀಮೆಯಲ್ಲಿ, ಗೇಮಿಂಗ್ ಕಂಪ್ಯೂಟರಿಗೆ ಮೊದಲು ಆಪರೇಟಿಂಗ್ ಸಿಸ್ಟಮ್ ಆರಿಸಿ ಆಮೇಲೆ ಆಟ ಹುಡುಕುವುದು ತಿರುಗುಮುರುಗು ಲೆಕ್ಕ. ವ್ಯಾಲೊರಂಟ್ ಎಂಬ ಗುಂಡಿನಾಟದಲ್ಲಿ ಮೋಸ ತಡೆಯುವ ಕಾವಲುಗಾರ ವ್ಯಾನ್‌ಗಾರ್ಡ್ ಕೂರುವುದು ವಿಂಡೋಸಿನ ಒಳಮನೆಯಲ್ಲೇ; ಲಿನಕ್ಸ್ ಬಂದರೆ ಬಾಗಿಲು ತೆಗೆಯುವುದಿಲ್ಲ. ಹಾಗಾದರೆ ವಿಂಡೋಸೇ ಗತಿ ಅಂತೀರಾ? ತಡೀರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. 11 ಮನೆಗೆ ಬರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿನ ವರದಕ್ಷಿಣೆ ಬೇಕು, ಹಳೇ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿರಲಿ. ಒಬ್ಬರೇ ಕೂತು ಆಡುವ ಬಹಳಷ್ಟು ಆಟಗಳಿಗೆ ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ ಸಾಕು. ವಿಂಡೋಸ್ ಆಟಕ್ಕೆ ಲಿನಕ್ಸಿನಲ್ಲಿ ಅದೇ ದುಭಾಷಿ. ನಿಪ್ಪಾಣಿ ಪೇಟೆಯಲ್ಲಿ ಕನ್ನಡ, ಮರಾಠಿ ಒಂದೇ ಉಸಿರಿಗೆ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಲಿನಕ್ಸ್ ಎಂದರೆ ಕಪ್ಪು ಪರದೆಯ ಮುಂದೆ ಮಂತ್ರ ಟೈಪಿಸುತ್ತ ಕೂರಬೇಕೆಂಬ ತಕರಾರೂ ಹಳಸಿದ್ದು. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನಲ್ಲಿ ಓಡುವುದು ಲಿನಕ್ಸೇ; ಗುಂಡಿ ಒತ್ತುವ ಬೆರಳಿಗೆ ಅದರ ಸುಳಿವೂ ಹತ್ತುವುದಿಲ್ಲ.