ಬಡ್ಜಿಯ ಅಂಡಾವರೋಧ: ಒಂದು ಬಹುಶಿಸ್ತೀಯ ಅನುಸಂಧಾನ

ಪಂಜರದೊಳಗಿನ ಹೆಣ್ಣು ಬಡ್ಜಿ ಎಂಬ ಪುಟ್ಟ ಗಿಳಿ ಮೊಟ್ಟೆ ಇಡಲಾಗದೆ ಒದ್ದಾಡುವ ವಿದ್ಯಮಾನವನ್ನು ಸಾಂಸ್ಕೃತಿಕ, ಆರ್ಥಿಕ ಹಾಗೂ ಪಂಜರಕೇಂದ್ರಿತ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಘನೋದ್ದೇಶ. 'ಈ ಕ್ಷೇತ್ರದಲ್ಲಿ ಈವರೆಗೆ ಸಮಗ್ರ ಅಧ್ಯಯನ ನಡೆದಿಲ್ಲ' ಎಂದು ಪ್ರತಿಯೊಬ್ಬ ಸಂಶೋಧಕನೂ ಬರೆಯುವ ವಾಕ್ಯವನ್ನು ಇಲ್ಲಿಯೂ ಬರೆಯಲಾಗಿದೆ. ಅಧ್ಯಯನದ ವ್ಯಾಪ್ತಿ: ಒಂದು ಪಂಜರ. ಮಿತಿ: ಅದೇ ಪಂಜರ. ವಿಧಾನ: ಅದರ ಮುಂದೆ ಕುರ್ಚಿ ಹಾಕಿಕೊಂಡು, ಬಂದುಹೋಗುವವರು ಕೊಡುವ ಸಲಹೆಗಳನ್ನೆಲ್ಲ ದತ್ತಾಂಶವೆಂದು ಗುರುತು ಹಾಕಿಕೊಳ್ಳುವುದು.

ಮೊದಲ ಅಧ್ಯಾಯ ಚಾರಿತ್ರಿಕ ಹಿನ್ನೆಲೆಗೆ ಮೀಸಲು. ಅದಿಲ್ಲದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಜಾರ್ಜ್ ಶಾ ಎಂಬ ಇಂಗ್ಲಿಷ್ ವಿದ್ವಾಂಸ 1805ರಲ್ಲಿ ಈ ಹಕ್ಕಿಯನ್ನು ವಿಜ್ಞಾನದ ದಫ್ತರಕ್ಕೆ ಸೇರಿಸಿದ. 1840ರಲ್ಲಿ ಜಾನ್ ಗೂಲ್ಡ್ ಜೀವಂತ ಬಡ್ಜಿಗಳನ್ನು ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಒಯ್ದ. ಅಲ್ಲಿಂದ ಬೆಂಗಳೂರಿನ ಶಿವಾಜಿನಗರದ ಹಕ್ಕಿ ಅಂಗಡಿಗಳವರೆಗಿನ ಪಯಣವನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ನಲವತ್ತು ಪುಟ ಎಳೆಯಬಹುದು. ಎಳೆದಿಲ್ಲ, ಕೃತಜ್ಞತೆ ಸಲ್ಲಬೇಕು. ಅದೇ ಆಸ್ಟ್ರೇಲಿಯಾದಿಂದ ಬಂದ ನೀಲಗಿರಿ ಮರದ ಬಗ್ಗೆ ಕರ್ನಾಟಕದಲ್ಲಿ ದಶಕಗಳ ಕಾಲ ಜಗಳ ನಡೆದು, 2017ರಲ್ಲಿ ಸರ್ಕಾರ ಹೊಸ ನಾಟಿಯನ್ನೇ ನಿಷೇಧಿಸಿತು. ತನ್ನ ತವರಿನಲ್ಲಿ ಅದೇ ಜಾತಿಯ ಮರಗಳ ಪೊಟರೆಯಲ್ಲಿ ಮೊಟ್ಟೆ ಇಡುವ ಹಕ್ಕಿಯ ಸಲುವಾಗಿ ಮಾತ್ರ ಇಲ್ಲಿ ಯಾರೂ ಬೀದಿಗಿಳಿದಿಲ್ಲ.

ಎರಡನೆಯ ಅಧ್ಯಾಯ ತಾತ್ವಿಕ ಚೌಕಟ್ಟು. ಅಂಡಾವರೋಧದ ಕುರಿತ ಲೋಕಜ್ಞಾನವನ್ನು ಇಲ್ಲಿ ಐದು ಪಂಥಗಳಾಗಿ ವಿಂಗಡಿಸಲಾಗಿದೆ.

ಪ್ರಥಮವಾಗಿ ಹರಳೆಣ್ಣೆ ಪಂಥ. ಇವರು ಅತಿ ಪ್ರಾಚೀನರು. ಮಗುವಿನ ಹೊಟ್ಟೆಗೂ ಎತ್ತಿನಗಾಡಿಯ ಕೀಲಿಗೂ ಆಗಿಬಂದ ದ್ರವ್ಯ ಹಕ್ಕಿಗೇಕೆ ಆಗದು ಎಂಬುದು ಇವರ ಪ್ರಮಾಣವಾಕ್ಯ. ಇವರಲ್ಲಿ ಎರಡು ಉಪಪಂಥಗಳು: ಬಾಯಿಗೆ ಬಿಡುವವರು, ಬಾಲದಡಿಗೆ ಹಚ್ಚುವವರು. ಮೊದಲಿನವರ ಕೈಯಲ್ಲಿ ಎಣ್ಣೆ ಉಸಿರ್ನಾಳಕ್ಕೆ ಇಳಿದು, ಮೊಟ್ಟೆಯಿಂದ ಸಾಯಬೇಕಾದ ಹಕ್ಕಿ ಎಣ್ಣೆಯಿಂದ ಸಾಯಬಹುದು. ಎರಡನೆಯವರು ಗರಿಯನ್ನು ಜಿಡ್ಡು ಮಾಡಿ, ಬಿಸಿ ಬೇಕಾದ ಹೊತ್ತಿನಲ್ಲೇ ಅದರ ಮೈಬಿಸಿ ಕಳೆಯುತ್ತಾರೆ.

ದ್ವಿತೀಯವಾಗಿ ಜೋಡಿವಾದಿಗಳು. 'ಗಂಡೇ ಇಲ್ಲದೆ ಮೊಟ್ಟೆ ಹೇಗೆ ಬಂತು? ಒಂದು ಗಂಡು ತಂದು ಬಿಡಿ, ಎಲ್ಲ ಸರಿಹೋಗುತ್ತೆ' ಎನ್ನುತ್ತಾರೆ. ಮನುಷ್ಯರಿಗೂ ಇದೇ ಸಲಹೆ ಕೊಟ್ಟು ಅನುಭವವಿರುವವರು. ಹೆಣ್ಣು ಬಡ್ಜಿಗೆ ಮೊಟ್ಟೆ ಇಡಲು ಗಂಡಿನ ಹಂಗಿಲ್ಲ. ಒಂದು ಕನ್ನಡಿ ತೂಗುಹಾಕಿದರೂ ಅದರೊಳಗಿನ ತನ್ನ ಬಿಂಬವನ್ನೇ ಜೊತೆಗಾರನೆಂದು ನಂಬಿ ಮೊಟ್ಟೆಗೆ ಅಣಿಯಾಗುವ ಹೆಣ್ಣುಗಳಿವೆ.

ತೃತೀಯವಾಗಿ ದೃಷ್ಟಿವಾದಿಗಳು ಪಂಜರಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರೆ. ಹಕ್ಕಿಗಳಿಗೆ ಮೆಣಸಿನ ಖಾರ ಹತ್ತುವುದಿಲ್ಲ. ಕಾಯಿ ಕುಕ್ಕಿ ತಿಂದರೆ ಬರೀ ಕಾಳಿನಲ್ಲಿ ಸಿಗದ ಎ ಜೀವಸತ್ವಕ್ಕೆ ದಾರಿಯಾಗುತ್ತದೆ. ಹೀಗಾಗಿ ಎಲ್ಲ ಪಂಥಗಳಲ್ಲಿ ಹಕ್ಕಿಗೆ ಅಷ್ಟಿಷ್ಟಾದರೂ ಉಪಕಾರ ಮಾಡಿದವರು ಇವರೇ ಎಂದು ಪ್ರಬಂಧಕಾರರು ವಿಷಾದದಿಂದ ಒಪ್ಪುತ್ತಾರೆ.

ಚತುರ್ಥವಾಗಿ ನಿಷ್ಕ್ರಿಯ ಪ್ರಕೃತಿವಾದಿಗಳು: 'ಪ್ರಕೃತಿ ನೋಡಿಕೊಳ್ಳುತ್ತೆ ಬಿಡಿ.' ಐದನೆಯ ಪಂಥದ ಹೆಸರೂ ಟಿಪ್ಪಣಿಯಲ್ಲಿದೆ, ಆದರೆ ಈ ನಾಲ್ಕನೆಯವರನ್ನು ದಾಟಿ ಮುಂದೆ ಹೋಗಲು ಪ್ರಬಂಧಕಾರರಿಗೆ ಆಗುತ್ತಿಲ್ಲ. ಯಾವ ಪ್ರಕೃತಿ? ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ಹಿಂಡು ಹಿಂಡಾಗಿ ನೀರು ಹುಡುಕುತ್ತ ಅಲೆಯುವ ಈ ಹಕ್ಕಿ, ಮಳೆ ಬಿದ್ದು ಹುಲ್ಲು ಕಾಳು ಕಟ್ಟಿದಾಗ, ಪೊಟರೆ ಸಿಕ್ಕಿದಾಗ ಮರಿ ಮಾಡುತ್ತದೆ. ಮಳೆ ಹೋದರೆ ಮೊಟ್ಟೆಯೂ ನಿಂತಿತು. ನಮ್ಮ ಹಾಲ್‌ನ ಮೂಲೆಯಲ್ಲಿ ಬಟ್ಟಲು ತುಂಬ ನವಣೆ, ರಾತ್ರಿ ಧಾರಾವಾಹಿ ಮುಗಿಯುವವರೆಗೆ ಟ್ಯೂಬ್‌ಲೈಟು, ಪಂಜರದ ಜೊತೆ ಅಂಗಡಿಯವನೇ ಗೂಡಿಗೆಂದು ಪುಕ್ಕಟೆ ಕೊಟ್ಟ ಮಣ್ಣಿನ ಮಡಕೆ. ಹಕ್ಕಿಯ ಮೈಗೆ ಇದು ಮುಗಿಯದ ಮಳೆಗಾಲ. ಅದು ಇಡುತ್ತಲೇ ಹೋಗುತ್ತದೆ. ಇದರಲ್ಲಿ ಪ್ರಕೃತಿಯ ಪಾಲೇನೂ ಇಲ್ಲ, ಎಲ್ಲವೂ ನಾವೇ ಏರ್ಪಾಡು ಮಾಡಿದ್ದು.

ಇನ್ನು ಅಂಗರಚನಾ ಮೀಮಾಂಸೆ. ಅಂಡನಾಳವೆಂಬ ಆಯಕಟ್ಟಿನ ಪಥದಲ್ಲಿ ಅಂಡದ್ರವ್ಯವು ಶ್ವೇತಾವರಣ, ಪೊರೆ, ಕವಚ ಎಂಬ ಸಂಸ್ಕಾರಗಳನ್ನು ಪಡೆಯುತ್ತ... ಸರಳವಾಗಿ ಹೇಳುವುದಾದರೆ, ಒಂದು ಮೊಟ್ಟೆ ತಯಾರಾಗಲು ಸುಮಾರು ಒಂದು ದಿನ ಬೇಕು. ಅದರ ಬಹುಪಾಲು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಚಿಪ್ಪೆಂದರೆ ಹೆಚ್ಚೂಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ರಕ್ತದಲ್ಲಿ ಅಷ್ಟು ಕ್ಯಾಲ್ಸಿಯಂ ಇರುವುದಿಲ್ಲ, ಹಾಗಾಗಿ ಹೆಣ್ಣು ಹಕ್ಕಿ ಮೊದಲೇ ತನ್ನ ಮೂಳೆಯ ಟೊಳ್ಳಿನಲ್ಲಿ ಅದನ್ನು ಕೂಡಿಟ್ಟು ಮೊಟ್ಟೆಯ ಹೊತ್ತಿಗೆ ಕರಗಿಸಿ ಕೊಡುತ್ತದೆ. ಹಕ್ಕಿಯ ತೂಕ 35 ಗ್ರಾಂ ಆಸುಪಾಸು, ಮೊಟ್ಟೆ ಸುಮಾರು 2 ಗ್ರಾಂ, ದಿನ ಬಿಟ್ಟು ದಿನ ಒಂದು, ಸಾಮಾನ್ಯವಾಗಿ ನಾಲ್ಕರಿಂದ ಆರು. ಐವತ್ತೈದು ಕಿಲೋ ತೂಗುವ ಹೆಂಗಸು ದಿನ ಬಿಟ್ಟು ದಿನ ಮೂರು ಕಿಲೋ ಮಗುವನ್ನು ಹೆತ್ತಂತೆ.

ಕೂಡಿಟ್ಟದ್ದು ಮುಗಿದಾಗ ಎರಡು ಕಡೆ ಪೆಟ್ಟು ಬೀಳುತ್ತದೆ. ಚಿಪ್ಪು ತೆಳುವಾಗಿ, ಮೆತ್ತಗೆ, ಸೊಟ್ಟಗಾಗುತ್ತದೆ. ಮೊಟ್ಟೆಯನ್ನು ಹೊರಗೆ ತಳ್ಳಬೇಕಾದ ಸ್ನಾಯು ಬಿಗಿಯಲೂ ಅದೇ ಕ್ಯಾಲ್ಸಿಯಂ ಬೇಕು, ಹಾಗಾಗಿ ಸ್ನಾಯುವೂ ಸೋಲುತ್ತದೆ. ಮೊಟ್ಟೆ ಸಿಕ್ಕಿಕೊಳ್ಳುತ್ತದೆ. ಚೊಚ್ಚಲು, ಮುಪ್ಪು, ಬೊಜ್ಜು, ಚಳಿ, ರೆಕ್ಕೆ ಬಿಚ್ಚಲು ಜಾಗವಿಲ್ಲದ ಪಂಜರ, ಇವೂ ಕಾರಣಗಳೇ. ಆದರೆ ಮೊದಲ ಆರೋಪಿ ಕಾಳಿನ ಬಟ್ಟಲು. ನೂರು ಗ್ರಾಂ ನವಣೆಯಲ್ಲಿ ಕ್ಯಾಲ್ಸಿಯಂ ಸುಮಾರು 31 ಮಿಲಿಗ್ರಾಂ, ರಾಗಿಯಲ್ಲಿ 344. ಮುದ್ದೆ ಉಣ್ಣುವ ನಾಡಿನಲ್ಲಿ ಹಕ್ಕಿಗೆ ಮಾತ್ರ ಬರೀ ನವಣೆ! ರಾಗಿಯೊಂದೇ ಸಾಲದು, ಕಟಲ್‌ಬೋನ್ ಎಂಬ ಸುಣ್ಣದ ಕಡಲಚಿಪ್ಪು ಬೇಕು, ನುಗ್ಗೆಸೊಪ್ಪು ಬೇಕು, ಬೇಯಿಸಿದ ಮೊಟ್ಟೆಯೂ ಆಗುತ್ತದೆ. ಪಾಲಕ್ ಮಾತ್ರ ಹೆಚ್ಚು ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಜೊತೆಗೆ ಬಿಸಿಲು, ಅದೂ ಗಾಜಿನ ಹಿಂದಿನದಲ್ಲ: ಡಿ ಜೀವಸತ್ವ ಮಾಡುವ ಕಿರಣಗಳನ್ನು ಕಿಟಕಿಯ ಗಾಜು ಒಳಗೆ ಬಿಡುವುದಿಲ್ಲ. ಬಾಲ್ಕನಿಯಲ್ಲಿ ಬೆಳಗಿನ ಎಳೆಬಿಸಿಲು, ಪಕ್ಕದಲ್ಲೇ ನೆರಳು, ಬೆಕ್ಕಿನ ಮೇಲೆ ಕಣ್ಣು.

ಕ್ಷೇತ್ರಕಾರ್ಯದ ಅಧ್ಯಾಯದಲ್ಲಿ ಪಾರಿಭಾಷಿಕ ಪದಗಳಿಗೆ ಕೆಲಸವಿಲ್ಲ. ಹಕ್ಕಿ ಕೊಂಬೆ ಬಿಟ್ಟು ಪಂಜರದ ತಳದಲ್ಲಿ, ಹಳೆಯ ಪೇಪರಿನ ಮೇಲೆ ಕೂತಿರುತ್ತದೆ. ಗರಿಯೆಲ್ಲ ಉಬ್ಬಿದೆ. ಕೊಕ್ಕಿನ ಮೇಲಿನ ಮೂಗಿನ ಭಾಗ ಕಂದಾಗಿ, ಒರಟಾಗಿ, ಹಕ್ಕಳೆ ಕಟ್ಟಿದೆ. ಕಾಲು ಅಗಲ, ಒಂದು ಕಾಲಿಗೆ ಹಿಡಿತವಿಲ್ಲ. ಒಳಗಿನ ಮೊಟ್ಟೆ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ತೂಗುತ್ತದೆ. ಹಿಕ್ಕೆ ಬಿದ್ದಿಲ್ಲ. ಇಷ್ಟು ಕಂಡರೆ ಲೆಕ್ಕ ಗಂಟೆಗಳದ್ದು, ದಿನಗಳದ್ದಲ್ಲ. ಈ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಬಂದು, 'ನೂರಿನ್ನೂರು ರೂಪಾಯಿ ಹಕ್ಕಿಗೆ ಐನೂರು ರೂಪಾಯಿ ಡಾಕ್ಟರ್ ಫೀಸಾ? ಸತ್ತರೆ ಇನ್ನೊಂದು ತಂದರಾಯಿತು' ಎನ್ನುತ್ತಾರೆ. ಇದೇ ಆ ಐದನೆಯ ಪಂಥ. ಇದಕ್ಕೆ ಸಂಸ್ಕೃತದಲ್ಲಿ ಹೆಸರಿಡುವ ಉತ್ಸಾಹ ಪ್ರಬಂಧಕಾರರಿಗೆ ಉಳಿದಿಲ್ಲ. ನಾಚಿಕೆಯಾಗಬೇಕು, ಅಷ್ಟೆ.

ಮನೆಯವರು ಮಾಡಬಹುದಾದ್ದು ಸ್ವಲ್ಪವೇ. ಹಕ್ಕಿಯನ್ನು ಚಿಕ್ಕ ಪೆಟ್ಟಿಗೆಗೋ ಪಂಜರಕ್ಕೋ ಹಾಕಿ, ಮೂರು ಕಡೆ ಬಟ್ಟೆ ಮುಚ್ಚಿ, ಹೊರಗಿನಿಂದ ಬಲ್ಬಿನ ಕಾವು ಕೊಟ್ಟು 30 ಡಿಗ್ರಿ ಆಸುಪಾಸಿನಲ್ಲಿಡಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಕಾವು ಹೆಚ್ಚಾಯಿತೆಂದು ಅರ್ಥ, ದೂರ ಸರಿಸಬೇಕು. ನಮಗೆ ಬಲ್ಬನ್ನು ಸರಿಸಲು ಬಂದಷ್ಟು ಸಲೀಸಾಗಿ ಹಕ್ಕಿಗೆ ಸರಿಯಲು ಬರುವುದಿಲ್ಲ, ಹಾಗಾಗಿ ಪೆಟ್ಟಿಗೆಯ ಒಂದು ಬದಿ ತಣ್ಣಗಿರಲಿ. ಪಕ್ಕದಲ್ಲಿ ಒದ್ದೆ ಟವೆಲಿಟ್ಟು ಗಾಳಿ ತೇವವಾಗಿಡುವುದು. ಹೊಟ್ಟೆ ಒತ್ತುವುದು, ಮೊಟ್ಟೆ ಎಳೆಯುವುದು, ಒಳಗೇ ಒಡೆಯುವುದು ಕೂಡದು. ಉಳಿದದ್ದೆಲ್ಲ ಹಕ್ಕಿ ಬಲ್ಲ ವೈದ್ಯರದ್ದು: ಕ್ಯಾಲ್ಸಿಯಂ ಇಂಜೆಕ್ಷನ್, ದ್ರವ, ಬೇಕಾದರೆ ಸೂಜಿಯಿಂದ ಮೊಟ್ಟೆಯೊಳಗಿನದನ್ನು ಹೀರಿ ಚಿಪ್ಪು ಕುಗ್ಗಿಸುವುದು, ಕಡೆಗೆ ಶಸ್ತ್ರಚಿಕಿತ್ಸೆ.

ಬದುಕಿದರೆ ಮುಂದಿನ ಕೆಲಸ ಮೊಟ್ಟೆ ನಿಲ್ಲಿಸುವುದು. ಮಡಕೆ ತೆಗೆಯಿರಿ, ಕನ್ನಡಿ ತೆಗೆಯಿರಿ, ಸಂಜೆಯಾಗುತ್ತಲೇ ಪಂಜರಕ್ಕೆ ಬಟ್ಟೆ ಹೊದಿಸಿ ಬೆಳಕನ್ನು ದಿನಕ್ಕೆ ಎಂಟು ಹತ್ತು ಗಂಟೆಗೆ ಇಳಿಸಿ, ಬೆನ್ನು ಸವರಬೇಡಿ. ಇಟ್ಟ ಮೊಟ್ಟೆಯನ್ನು ಕೂಡಲೇ ಕದ್ದರೆ ಅದನ್ನು ತುಂಬಿಕೊಡಲು ಹಕ್ಕಿ ಮತ್ತೊಂದು ಇಡುತ್ತದೆ. ಅದೇ ಮೊಟ್ಟೆಗಳನ್ನೋ ಪ್ಲಾಸ್ಟಿಕ್ಕಿನವನ್ನೋ ಬಿಟ್ಟರೆ ಸುಮಾರು ಮೂರು ವಾರ ಕಾವು ಕೂತು, ಮರಿಯಾಗದೆಂದು ಅದಕ್ಕೇ ಹೊಳೆದು ಎದ್ದುಬರುತ್ತದೆ. ಇಷ್ಟಾದರೂ ಕಾಳಿನ ಬಟ್ಟಲಲ್ಲೇ ಕೂತು ಮೊಟ್ಟೆ ಇಡುವ ಹಟಮಾರಿಗಳಿವೆ. ಅವಕ್ಕೆ ಲ್ಯೂಪ್ರೊಲೈಡ್ ಎಂಬ ಹಾರ್ಮೋನ್ ಇಂಜೆಕ್ಷನ್ ಉಂಟು, ಅದಕ್ಕೂ ಹಕ್ಕಿ ಬಲ್ಲ ವೈದ್ಯರೇ ಬೇಕು. ಹಕ್ಕಿಯನ್ನು ಊರೂರಿನ ಸಂತೆಗೂ ತಂದು ಮಾರುವ ವ್ಯವಸ್ಥೆ ನಮ್ಮಲ್ಲಿ ಸಲೀಸಾಗಿ ನಡೆಯುತ್ತಿದೆ. ಆದರೆ ರಾತ್ರಿ ಹತ್ತು ಗಂಟೆಗೆ ಹೊಸದುರ್ಗದಲ್ಲೋ ಸಿಂಧನೂರಿನಲ್ಲೋ ಪಂಜರದ ತಳದಲ್ಲಿ ಹಕ್ಕಿ ಕೂತಿರುವಾಗ ಮನೆಯ ಹುಡುಗಿ ಯಾರಿಗೆ ಫೋನ್ ಮಾಡಬೇಕು? 'ನಾವು ನಾಯಿ ಬೆಕ್ಕು ಮಾತ್ರ ನೋಡೋದಮ್ಮ' ಎಂಬ ಉತ್ತರ ಬಂದ ಮೇಲೆ ಎರಡನೆಯ ಕರೆ ಯಾರಿಗೆ?