ಸಾಧ್ಯವಾದಲ್ಲಿ ನ್ಯಾಯ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡೇನು ಫಲ ಎಂದು ಹಿರಿಯರು ಕೈಚೆಲ್ಲಿದ್ದರು. 1962ರ ಕಸ್ಟಮ್ಸ್ ಕಾಯ್ದೆ ಅಷ್ಟು ಕಟುಕವಲ್ಲ. ಹೇಳಿಕೊಳ್ಳಿ, ಆದರೆ ನಮೂನೆ ತುಂಬಿ, ಗಡುವಿನೊಳಗೆ, ದುಡ್ಡು ಕಟ್ಟಿ ಹೇಳಿಕೊಳ್ಳಿ ಎನ್ನುತ್ತದೆ.

ಹಿರೇಕೆರೂರಿನ ಮೆಕ್ಕೆಜೋಳದ ವ್ಯಾಪಾರಿಯೊಬ್ಬ ಮಂಗಳೂರು ಬಂದರಿನ ಮೂಲಕ ಕಾಳು ವಿಂಗಡಿಸುವ ಹಳೇ ಯಂತ್ರ ತರಿಸಿದ ಅಂತಿಟ್ಟುಕೊಳ್ಳಿ. ಬಿಲ್ಲು ನೋಡಿದ ಸಾಹೇಬರಿಗೆ ಬೆಲೆಯ ಮೇಲೆ ಸಂಶಯ ಬರುತ್ತದೆ. ಸಂಶಯ ಪಡಲಿಕ್ಕೂ ನಿಯಮವಿದೆ. 2007ರ ಮೌಲ್ಯಮಾಪನ ನಿಯಮಗಳಲ್ಲಿ ಹನ್ನೆರಡನೆಯದು. ಸಂಶಯ ಬೆಳೆದು 20 ಲಕ್ಷ ರೂಪಾಯಿ ಹೆಚ್ಚುವರಿ ಸುಂಕವಾಗುತ್ತದೆ. ಇದು ಅನ್ಯಾಯ ಎಂದು ಅಪೀಲು ಕಮಿಷನರ್ ಬಾಗಿಲು ತಟ್ಟಬೇಕಾದರೆ ಮೊದಲು ಶೇ 7.5, ಅಂದರೆ ಒಂದೂವರೆ ಲಕ್ಷ, ಠೇವಣಿ ಇಡಬೇಕು. ಅಲ್ಲಿ ಸೋತು ಬೆಂಗಳೂರಿನ ಟ್ರಿಬ್ಯೂನಲ್‌ಗೆ ಹೋದರೆ ಅದು ಶೇ 10 ಆಗುತ್ತದೆ. 2014ರ ಮೊದಲು ಕಷ್ಟ ತೋಡಿಕೊಂಡರೆ ಠೇವಣಿ ಮಾಫಿಯಾಗುವ ದಾರಿಯಿತ್ತು. ಈಗ ಅಳುವಂತಿಲ್ಲ, ಚಲನ್ ತುಂಬಬೇಕು. ಗೆದ್ದರೆ ಠೇವಣಿಗೆ ಸರ್ಕಾರ ಕೊಡುವ ಬಡ್ಡಿ ಶೇ 6. ಸೋತರೆ ಬಾಕಿಗೆ ಕೀಳುವ ಬಡ್ಡಿ ಶೇ 15. ಸಂತೆಯ ಸಾಹುಕಾರನಾದರೂ ಇದನ್ನು ಗೆಜೆಟ್‌ನಲ್ಲಿ ಅಚ್ಚು ಹಾಕಿಸುವ ಧೈರ್ಯ ಮಾಡಲಿಕ್ಕಿಲ್ಲ.

ಇನ್ನು ಗಡುವು. ವ್ಯಾಪಾರಿಗೆ 60 ದಿನ. ತಕ್ಕ ಕಾರಣ ಕೊಟ್ಟರೆ ಇನ್ನೂ 30. ತೊಂಬತ್ತೊಂದನೆಯ ದಿನ ಹೋದರೆ ಬ್ರಹ್ಮ ಬಂದರೂ ಅರ್ಜಿ ಒಳಗೆ ಹೋಗದು. ಅಪೀಲು ಕಮಿಷನರ್ ಆರು ತಿಂಗಳಲ್ಲಿ, ಟ್ರಿಬ್ಯೂನಲ್ ಮೂರು ವರ್ಷದಲ್ಲಿ ತೀರ್ಮಾನಿಸಬೇಕೆಂದೂ ಕಾಯ್ದೆಯಲ್ಲಿದೆ. ಹಿಂದೆಯೇ ‘ಸಾಧ್ಯವಾದಲ್ಲಿ’ ಎಂದೂ ಇದೆ. ಆ ‘ಸಾಧ್ಯವಾದಲ್ಲಿ’ ನಮ್ಮ 60 ದಿನದ ಸಾಲಿಗೆ ಮಾತ್ರ ಬಂದಿಲ್ಲ. ಹಾಗಂತ ಇಲಾಖೆಗೆ ಗಡುವೇ ಇಲ್ಲವೆಂದಲ್ಲ: ಕಡಿಮೆ ಕಟ್ಟಿದ ಸುಂಕಕ್ಕೆ ಎರಡು ವರ್ಷದೊಳಗೆ ನೋಟಿಸ್ ಕೊಡಬೇಕು, ಮುಚ್ಚಿಟ್ಟಿದ್ದರೆ ಐದು. ಆಫ್ರಿಕಾ ಮೂಲದ ಸವಣೂರಿನ ದೊಡ್ಡಹುಣಸೆ ಮರಗಳು ಬಚಾವಾಗಿರುವುದು ಹೀಗೆ. ಆ ಗಾತ್ರವನ್ನು ಮುಚ್ಚಿಟ್ಟರೆಂದು ಯಾವ ಸಾಹೇಬರೂ ಬರೆಯಲಾರರು.

ಧಾರವಾಡದಲ್ಲಿ 2013ರಿಂದ ಹೈಕೋರ್ಟಿನ ಕಾಯಂ ಪೀಠವಿದೆ. ಶಿಗ್ಗಾಂವಿಯಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಕಲಾಪದ ಹೊತ್ತಿಗೆ ತಲುಪಬಹುದು. ಆದರೆ ಟ್ರಿಬ್ಯೂನಲ್ ತೀರ್ಪು ಸುಂಕದ ದರದ್ದೋ ಮಾಲಿನ ಬೆಲೆಯದ್ದೋ ಆಗಿದ್ದರೆ ಅಪೀಲು ಹೈಕೋರ್ಟಿಗಿಲ್ಲ, ನೇರ ಸುಪ್ರೀಂ ಕೋರ್ಟಿಗೆ. ನಮ್ಮವನ ಜಗಳ ಬೆಲೆಯದ್ದೇ. ಧಾರವಾಡದಲ್ಲಿ ಇಳಿದು ಫೇಡೆ ಕಟ್ಟಿಸಿಕೊಂಡು ದಿಲ್ಲಿ ರೈಲು ಹಿಡಿಯಬೇಕು.

ಹಾನಗಲ್ಲು ಪಾನುಂಗಲ್ಲಾಗಿದ್ದ ಕಾಲದಲ್ಲಿ ಈ ಸೀಮೆಯಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳಿದ್ದವು. ದೇವಸ್ಥಾನಕ್ಕೆ ಬಿಟ್ಟುಕೊಟ್ಟ ಸುಂಕಕ್ಕೆ ಯಾರಾದರೂ ಕೈಹಾಕಿದರೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ತಗಲುತ್ತದೆಂದು ಕಲ್ಲಿನಲ್ಲೇ ಕೊರೆಸುತ್ತಿದ್ದರು. ಶಾಪ ಹಾಕಲು ಪೂರ್ವಠೇವಣಿ ಇರಲಿಲ್ಲ.

ಸಾಧ್ಯವಾಗದ ಮೂರು ವರ್ಷ ಕಳೆದು, ಇನ್ನೂ ಮೂರು ಕಳೆದು, ಟ್ರಿಬ್ಯೂನಲ್ ನಮ್ಮವನನ್ನು ಗೆಲ್ಲಿಸುತ್ತದೆ: ಇವನ ಅಹವಾಲು ಸರಿಯಾಗಿ ಕೇಳಿಲ್ಲ, ಮತ್ತೆ ಕೇಳಿ ಎಂದು ಕಡತ ಅದೇ ಕುರ್ಚಿಗೆ ವಾಪಸ್. ಕುರ್ಚಿಯಲ್ಲೀಗ ಹೊಸ ಸಾಹೇಬರು.

“ಯಂತ್ರ ಎಲ್ಲೈತಿ?”

“ಗುಜರಿಗೆ ಹಾಕೇನ್ರಿ, ಸಾಹೇಬ್ರ.”

“ಎಷ್ಟಕ್ಕ?”

ಹೇಳಿದ. ಸಾಹೇಬರಿಗೆ ಬೆಲೆಯ ಮೇಲೆ ಸಂಶಯ ಬಂತು.